ಖಾಲಿ ಬಾಟಲಿಗೆ ಎರಡನೆಯ ಕೆಲಸ



ಹಬ್ಬದ ಊಟ ಮುಗಿದ ಮೇಲೆ ಮನೆಯಲ್ಲಿ ಉಳಿಯುವುದು ತಂಪುಪಾನೀಯದ ಖಾಲಿ ಬಾಟಲಿಗಳು. ಹೂತರೆ ಇವು ಕೊಳೆಯವು, ಸುಟ್ಟರೆ ವಿಷಹೊಗೆ. ಆದರೆ ಇವು ಹಗುರ, ಗಟ್ಟಿ, ನೀರು ಸೋರದವು. ಈ ಗುಣಗಳೇ ನಮಗೆ ಉಪಯೋಗಕ್ಕೆ ಬರುತ್ತವೆ.

ಎರಡು ಲೀಟರಿನ ಬಾಟಲಿಯನ್ನು ನಡುವೆ ಅಡ್ಡಲಾಗಿ ಕತ್ತರಿಸಿರಿ. ಮುಚ್ಚಳಕ್ಕೆ ತೂತು ಮಾಡಿ ಹತ್ತಿಬಟ್ಟೆಯ ಬತ್ತಿಯನ್ನು ಇಳಿಬಿಡಿರಿ. ಮೇಲಿನ ಭಾಗವನ್ನು ತಲೆಕೆಳಗಾಗಿ ಕೆಳಗಿನ ಭಾಗದೊಳಗೆ ಕೂರಿಸಿ, ಮಣ್ಣು ತುಂಬಿ ಕೊತ್ತಂಬರಿ ಬಿತ್ತಿರಿ, ಕೆಳಗೆ ನೀರಿರಲಿ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಈ ಬತ್ತಿ ನೀರನ್ನು ಬೇರಿಗೆ ಮುಟ್ಟಿಸುತ್ತದೆ. ಸೊಳ್ಳೆ ಮರಿಯಾಗದಂತೆ ವಾರಕ್ಕೊಮ್ಮೆಯಾದರೂ ನೀರು ಬದಲಿಸಿರಿ. ಇನ್ನೊಂದು ಬಾಟಲಿಯ ಮೇಲ್ಭಾಗವನ್ನು ಮುಚ್ಚಳ ತೆಗೆದು, ತೊಳೆದು ಒಣಗಿಸಿದರೆ ಎಣ್ಣೆ ಸುರಿಯಲು ಲಾಳಿಕೆ ಸಿದ್ಧ. ಕತ್ತರಿಸಿದ ಅಂಚು ಹರಿತ, ಅಂಟುಪಟ್ಟಿ ಸುತ್ತಿರಿ.

ಒಂದು ಉಪಯೋಗ ಮಾತ್ರ ಬೇಡವೇ ಬೇಡ: ಸೀಮೆಎಣ್ಣೆ, ಫಿನಾಯಿಲ್, ಆ್ಯಸಿಡ್‌ಗಳನ್ನು ಇವುಗಳಲ್ಲಿ ತುಂಬಿಡಬಾರದು. ಬಾಯಾರಿದ ಮಗು ಚೀಟಿ ಓದುವುದಿಲ್ಲ, ಬಾಟಲಿಯನ್ನು ಮಾತ್ರ ನೋಡುತ್ತದೆ. ಕುಡಿದುಬಿಟ್ಟರೆ ವಾಂತಿ ಮಾಡಿಸದೆ, ಆ ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಉಳಿತಾಯ ಒಳ್ಳೆಯದು, ಮನೆಯ ಮಕ್ಕಳ ಕ್ಷೇಮ ಅದಕ್ಕಿಂತ ದೊಡ್ಡದು.