ಊರು ತೊಡಿಸುವ ಕವಚ

"ಎದಿ ಉಬ್ಬಿಸಿ ನಿಂದರು ತಮ್ಮಾ. ಈಗ ಸಣ್ಣಾಗಿ ನಿಂತಿ ಅಂದ್ರ ಲಾಡಿ ಬಿಗದ ಮ್ಯಾಲ ಮಾತು ಹೊರಗ ಬರಂಗಿಲ್ಲ."

ಬೆಳವಣಕಿಯಲ್ಲಿ ಆಟದ ರಾತ್ರಿ. ಗುಡಿಯ ಪಕ್ಕದ ಪಡಸಾಲೆಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡವರು ಗೋಡೆಗೆ ಒರಗದೆ, ಒಬ್ಬರಿಗೊಬ್ಬರು ತಾಗದೆ ಕೂತಿದ್ದಾರೆ. ವೇಷ ಕಟ್ಟುವ ಕಾಕಾ ಅರ್ಜುನನ ಬೆನ್ನಿಗೆ ಮೊಣಕಾಲು ಕೊಟ್ಟು ಲಾಡಿ ಎಳೆಯುತ್ತಿದ್ದಾರೆ. ಹಗಲಲ್ಲಿ ಟ್ರ್ಯಾಕ್ಟರ್ ಹೊಡೆಯುವ ಹುಡುಗ ಅವನು. ಎದೆಕಟ್ಟು ಬಿಗಿಯಾಯಿತು, ಎರಡೂ ಹೆಗಲ ಮೇಲೆ ಭುಜಕೀರ್ತಿ ಕೂತವು, ಕೊನೆಗೆ ಕಿರೀಟ ಬಂತು. ಎದ್ದು ನಿಂತಾಗ ಬಾಗಿಲು ಅವನಿಗೆ ಸಾಲಲಿಲ್ಲ. ಅಡ್ಡ ತಿರುಗಿ, ತಲೆ ಬಗ್ಗಿಸಿ ಹೊರಗೆ ಹೋದ. ಆ ಬಾಗಿಲಲ್ಲಿ ದಿನಾ ಹಾಯ್ದು ಹೋಗುತ್ತಿದ್ದವನು ಆ ರಾತ್ರಿ ಅದಕ್ಕಿಂತ ದೊಡ್ಡವನಾಗಿದ್ದ.

ಕವಚ ತೊಟ್ಟು ಕಾಳಗ ಆಡುವುದು ಈಗ ಜಗತ್ತಿನ ಹಲವು ಕಡೆ ದೊಡ್ಡ ಹವ್ಯಾಸ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೆಲವು ಗೆಳೆಯರು ಮಧ್ಯಯುಗದ ವೇಷ ತೊಟ್ಟು ಮರದ ಕತ್ತಿಯಲ್ಲಿ ಬಡಿದಾಡಿದ್ದು ಮುಂದೆ ದೇಶ ದೇಶಕ್ಕೆ ಹಬ್ಬಿದ ಒಂದು ಸಂಘವಾಯಿತು. 2010ರಲ್ಲಿ ಉಕ್ರೇನಿನ ಖೋಟಿನ್ ಕೋಟೆಯಲ್ಲಿ ಉಕ್ಕಿನ ಕವಚ, ಮೊಂಡ ಕತ್ತಿಗಳ ಪಂದ್ಯಾವಳಿಯೇ ಶುರುವಾಯಿತು. ಅಲ್ಲಿ ಮೈಮೇಲಿನ ಕಬ್ಬಿಣ ಇಪ್ಪತ್ತೈದು, ಮೂವತ್ತು ಕಿಲೋ ತೂಗುವುದು ಸಾಮಾನ್ಯ, ಏಟೂ ನಿಜವಾದ ಏಟೇ. ಆ ಹವ್ಯಾಸಿಗಳು ಕೊಳ್ಳುವ ಶಿರಸ್ತ್ರಾಣ, ಎದೆತಗಡುಗಳಲ್ಲಿ ಎಷ್ಟೋ ನಮ್ಮ ದೇಶದಲ್ಲೇ ತಯಾರಾಗುತ್ತವೆ. 1943ರಲ್ಲಿ ಡೆಹ್ರಾಡೂನಿನಲ್ಲಿ ಗೂರ್ಖಾ ಸೈನಿಕರಿಗೆ ಖುಕ್ರಿ ಮಾಡಿಕೊಡಲು ಹುಟ್ಟಿದ ವಿಂಡ್ಲಾಸ್ ಕಾರ್ಖಾನೆ ಇಂದು ಯುರೋಪಿನ ನೈಟ್‌ಗಳ ಕತ್ತಿ, ಕವಚ ಮಾಡಿ ಹಡಗು ಹತ್ತಿಸುತ್ತದೆ. ಮೀರತ್‌ನಲ್ಲಿ ರೋಮನ್ ಸೈನಿಕರ ಕವಚ ಮಾಡುವವರಿದ್ದಾರೆ.

ಆದರೆ ಕವಚ ತೊಟ್ಟು ಹಳೆಯ ಯುದ್ಧವನ್ನು ಮತ್ತೆ ಆಡಿ ತೋರಿಸುವ ಹುಚ್ಚನ್ನು ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಿಲ್ಲ. ನಮ್ಮಲ್ಲಿ ಅದರ ಹೆಸರು ದೊಡ್ಡಾಟ. ಕರ್ನಾಟಕದ ದಕ್ಷಿಣದ ಬಯಲುಸೀಮೆಯಲ್ಲಿ ಮೂಡಲಪಾಯ ಎನ್ನುತ್ತಾರೆ. ಹಿಂಗಾರಿ ಜೋಳ, ಕಡಲೆ ಮನೆಗೆ ಬಂದ ಮೇಲೆ, ಎರೆ ಹೊಲ ಬಿರುಕು ಬಿಟ್ಟು ಮಲಗಿದಾಗ, ಊರಿನವರಿಗೆ ರಾಮಾಯಣ, ಮಹಾಭಾರತ ನೆನಪಾಗುತ್ತವೆ. ಕರ್ಣಪರ್ವ, ಲವಕುಶರ ಕಾಳಗ, ಬಬ್ರುವಾಹನ, ಅಭಿಮನ್ಯು: ಊರು ಆರಿಸಿಕೊಳ್ಳುವ ಆಟಗಳಲ್ಲಿ ಹೆಚ್ಚಿನವು ಯುದ್ಧದವೇ. ಯುದ್ಧವೆಂದ ಮೇಲೆ ಕವಚ ಬೇಕು.

ಮೊದಲು ಹೆಸರಿನ ಮಾತು. ಹಳಗನ್ನಡ, ನಡುಗನ್ನಡದಲ್ಲಿ ಕವಚಕ್ಕೆ 'ಜೋಡು' ಎನ್ನುತ್ತಿದ್ದರು. ತಲೆಯ ಕಾಪು ಸೀಸಕ, ಕುದುರೆಯ ಕವಚ ಹಕ್ಕರಿಕೆ, ಗುರಾಣಿಗೆ ಹರಿಗೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸನ ಯುದ್ಧಪರ್ವಗಳಲ್ಲಿ ಈ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅದೇ ಗದಗದಿಂದ ಒಂದು ತಾಸಿನ ದಾರಿಯಲ್ಲಿರುವ ನಮ್ಮೂರಲ್ಲಿ ಇವತ್ತು 'ಜೋಡು' ಎಂದರೆ ಕಾಲಿಗೆ ಹಾಕುವ ಚಪ್ಪಲಿ. ಎದೆಯಿಂದ ಕಾಲಿಗೆ ಇಳಿದ ಆ ಪದದ ಬಗ್ಗೆ ನನಗೆ ಬೇಸರವಿಲ್ಲ, ಎರೆ ನೆಲದ ಜಾಲಿಮುಳ್ಳಿನಿಂದ ಅದು ಇನ್ನೂ ಕಾಯುತ್ತಿದೆ. ಎದೆಯ ಮೇಲಿನದಕ್ಕೆ ನಾವು ಬೇರೆ ಹೆಸರುಗಳನ್ನು ಉಳಿಸಿಕೊಂಡಿದ್ದೇವೆ: ಎದೆಕಟ್ಟು, ಭುಜಕೀರ್ತಿ, ತೋಳಬಂದಿ, ನಡುಪಟ್ಟಿ.

ನಮ್ಮ ನಾಡಿನ ನಿಜವಾದ ಯೋಧರು ಏನು ತೊಡುತ್ತಿದ್ದರು? ಹೊಲದ ಬದುವಿನಲ್ಲಿ, ಗುಡಿಯ ಮುಂದೆ ನಿಂತ ವೀರಗಲ್ಲುಗಳನ್ನು ನೋಡಿದರೆ ಬಹಳಷ್ಟರಲ್ಲಿ ಬಿಗಿದ ಕಾಸೆ, ಕೈಯಲ್ಲಿ ಕತ್ತಿ, ಗುರಾಣಿ, ಅಷ್ಟೇ. ದನ ತುರುಗಳಿಗಾಗಿ ಓಡಿಹೋಗಿ ಸತ್ತವನಿಗೆ ಕವಚ ಕೊಡುವವರು ಯಾರು? ಕವಚ ಅರಸರ ದಂಡಿನ ಸಂಗತಿ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಸವಾರರ ಮೈಮೇಲಿನ ದಪ್ಪ ಅಂಗಿಗಳನ್ನು ಬೆರಗಿನಿಂದ ವರ್ಣಿಸುತ್ತಾನೆ. ಪದರ ಪದರವಾಗಿ ಒತ್ತಿ ಹೊಲಿದ ಆ ಅಂಗಿಗಳ ಒಳಗೆ ಗಟ್ಟಿ ಚರ್ಮ, ಕೆಲವಕ್ಕೆ ಕಬ್ಬಿಣದ ತಗಡು, ಹೊರಗೆ ರೇಷ್ಮೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನೆಲದಲ್ಲಿ ಮೈತುಂಬ ಬರೀ ಕಬ್ಬಿಣ ತೊಟ್ಟರೆ ಶತ್ರುವಿಗಿಂತ ಮೊದಲು ಬಿಸಿಲು ಕೊಲ್ಲುತ್ತದೆ, ಹೊಲಿದ ಅಂಗಿ ಬೆವರು ಕುಡಿದು ಏಟನ್ನೂ ಕುಡಿಯುತ್ತದೆ. ಇಂದಿನ ಯುರೋಪಿನ ಆಟಗಾರರೂ ಉಕ್ಕಿನ ಕೆಳಗೆ ಹತ್ತಿ ತುಂಬಿದ ದಪ್ಪ ಅಂಗಿ ತೊಡದೆ ಕಣಕ್ಕೆ ಇಳಿಯುವುದಿಲ್ಲ.

ಆದಿಲ್‌ಶಾಹಿ ಕಾಲಕ್ಕೆ ಬಂದರೆ ಸರಪಳಿ ಅಂಗಿ ಕಾಣುತ್ತದೆ. ಹತ್ತಾರು ಸಾವಿರ ಕಬ್ಬಿಣದ ಉಂಗುರಗಳನ್ನು ಒಂದಕ್ಕೊಂದು ಕೋದು, ಗುಬ್ಬಿಮೊಳೆ ಬಡಿದು ಮಾಡಿದ ಅಂಗಿ ಅದು. ಅದರ ಮೇಲೆ ಎದೆಗೆ, ಬೆನ್ನಿಗೆ, ಎರಡು ಪಕ್ಕೆಗೆ ಒಂದೊಂದು ಉಕ್ಕಿನ ಹಲಗೆ. ಈ ನಾಲ್ಕು ಹಲಗೆಗಳ ಕಟ್ಟಿಗೆ ಪಾರ್ಸಿಯಲ್ಲಿ 'ಚಾರ್ ಆಯಿನಾ' ಎಂದು ಹೆಸರು. ನಾಲ್ಕು ಕನ್ನಡಿ ಎಂದರ್ಥ. 1689ರಲ್ಲಿ ಆದವಾನಿ ಕೋಟೆ ಮೊಗಲರ ವಶವಾದಾಗ ಅವರ ಕಡೆಗಿದ್ದ ಬಿಕಾನೇರಿನ ದೊರೆ ಅನೂಪ್ ಸಿಂಗ್ ಅಲ್ಲಿನ ಆಯುಧ, ಕವಚಗಳನ್ನು ತನ್ನೂರಿಗೆ ಒಯ್ದ. ನಮ್ಮ ದಖನಿನ ಯೋಧರ ಬೆವರು ಕುಡಿದ ಉಕ್ಕು ರಾಜಸ್ಥಾನದ ಜುನಾಗಢ ಕೋಟೆಯ ಆಯುಧಶಾಲೆ ಸೇರಿದ್ದು ಹೀಗೆ.

ದೊಡ್ಡಾಟದ ಎದೆಕಟ್ಟನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಆ ನಾಲ್ಕು ಕನ್ನಡಿಯ ಹೆಸರು ನೆನಪಾಗುತ್ತದೆ. ಇದರ ಮೇಲೆ ನಿಜವಾಗಿಯೂ ಕನ್ನಡಿಗಳಿವೆ. ಹಗುರ ಮರವನ್ನು ತೆಳ್ಳಗೆ ಕೊರೆದು ಹಲಗೆ ಮಾಡುತ್ತಾರೆ. ಅಂಚಿಗೆ ಬಳ್ಳಿ, ನಡುವೆ ಹೂವು, ಭುಜಕೀರ್ತಿಗಾದರೆ ಹೆಗಲಿಂದ ಮೇಲಕ್ಕೆ ಚಿಮ್ಮುವ ರೆಕ್ಕೆಯ ಆಕಾರ. ಮೇಲೆ ಬಂಗಾರ ಬಣ್ಣದ ಬೇಗಡೆ, ಬೇಗಡೆಯ ನಡುವೆ ಉಗುರಿನಷ್ಟಗಲ ಕತ್ತರಿಸಿದ ಕನ್ನಡಿ ಚೂರುಗಳು, ಕೆಂಪು ಹಸಿರು ಗಾಜಿನ ಹರಳು. ಹಳೆಯ ಒಂದು ಭುಜಕೀರ್ತಿಯನ್ನು ತಿರುಗಿಸಿ ಹಿಂಬದಿ ನೋಡಿದ್ದೇನೆ. ಅಲ್ಲಿ ಉಳಿಯ ಗೀರುಗಳು ಮೀನಿನ ಹುರುಪೆಯಂತೆ ಸಾಲಾಗಿದ್ದವು. ನಡುವೆ ಒಂದು ಬಿರುಕು, ಬಿರುಕಿನ ಎರಡೂ ಬದಿಗೆ ತೂತು ಕೊರೆದು ತಂತಿ ಹೊಲಿದಿದ್ದರು. ತಂತಿ ಚುಚ್ಚದಿರಲೆಂದು ಮೇಲೆ ಧೋತರದ ತುಂಡು ಅಂಟಿಸಿದ್ದರು. ಆ ತುಂಡು ಬೆವರಿಗೆ ಕಂದಿ, ಹೆಗಲಿನ ಆಕಾರವನ್ನೇ ಪಡೆದಿತ್ತು. ಎಷ್ಟು ಭೀಮರು, ಎಷ್ಟು ದುರ್ಯೋಧನರು ಅದರ ಕೆಳಗೆ ನಿಂತಿರಬೇಕು!

ಈ ಕೆಲಸಕ್ಕೆ ಬೇಕಾದ ಕೈಗಳು ನಮ್ಮಿಂದ ದೂರವಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರ ಮರದ ದೇವರು, ವಾಹನ, ಗೊಂಬೆಗಳಿಗೆ ಹೆಸರಾದವರು. ಸೆಣಬಿನ ಚಿಂದಿ ನೆನೆಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಅವರು 'ಕಿಟ್ಟ' ಹದಗೊಳಿಸುತ್ತಾರೆ. ಮರದ ಕೀಲು, ಸಂದುಗಳೆಲ್ಲ ಅದರಲ್ಲಿ ಮುಚ್ಚಿಹೋಗುತ್ತವೆ. ಕಲ್ಲಿನ ಪುಡಿಗೆ ಅಂಟು ಬೆರೆಸಿ ಆಭರಣದ ಉಬ್ಬುಗೆರೆ ಎಳೆಯುತ್ತಾರೆ. ತಮ್ಮ ಹಿರಿಯರು ಹಂಪಿಯ ವಿರೂಪಾಕ್ಷನ ಗುಡಿಯ ಛಾವಣಿಯ ಚಿತ್ರಗಳನ್ನು ಬರೆದವರೆಂಬ ಮಾತು ಅವರಲ್ಲಿ ಬಂದಿದೆ. ಹಗುರ ಮರವನ್ನು ಭಾರವಾದ ಬಂಗಾರದಂತೆ ತೋರಿಸುವುದು ಅವರ ವಿದ್ಯೆ. ದೊಡ್ಡಾಟದ ಕವಚಕ್ಕೆ ಬೇಕಾದ್ದೂ ಅದೇ. ರಾತ್ರಿಯೆಲ್ಲ ಕುಣಿಯುವವನಿಗೆ ಹಗುರವಾಗಿರಬೇಕು, ದೂರದ ಕಟ್ಟೆಯ ಮೇಲೆ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮುದುಕಿಯ ಕಣ್ಣಿಗೆ ಭಾರವಾಗಿ ಕಾಣಬೇಕು.

ಕನ್ನಡಿ ಚೂರುಗಳ ಕೆಲಸ ಬೆಳಕಿನದು. ಮೊದಲು ಹಿಲಾಲು, ಆಮೇಲೆ ಗ್ಯಾಸಬತ್ತಿ. ಎರಡೂ ಅಲುಗುವ ಬೆಳಕುಗಳು. ವೀರ ಒಂದು ಹೆಜ್ಜೆ ಇಟ್ಟರೆ ಎದೆಯ ಮೇಲೆ ನೂರು ದೀಪ ಕುಣಿಯುತ್ತವೆ. ಈಗ ಆಟ ನಡೆಯುವ ಅಟ್ಟದ ನಾಲ್ಕೂ ಮೂಲೆಗೆ ಕಣ್ಣು ಕುಕ್ಕುವ ಎಲ್‌ಇಡಿ ಕಟ್ಟುತ್ತಾರೆ. ಎಲ್ಲ ಕಡೆಯಿಂದ ಸಮನಾಗಿ ಬಿದ್ದ ಬೆಳಕಿನಲ್ಲಿ ಕನ್ನಡಿಗೆ ಹೊಳೆಯಲು ಏನೂ ಉಳಿಯುವುದಿಲ್ಲ. ಆಟ ಆಡಿಸುವವರಲ್ಲಿ ನನ್ನದೊಂದು ಬೇಡಿಕೆ: ಒಡ್ಡೋಲಗದ ಹೊತ್ತಿಗಾದರೂ ಎರಡು ದೀಪ ಆರಿಸಿ ನೋಡಿ.

ತೊಡಿಸುವುದು ಇನ್ನೊಂದು ವಿದ್ಯೆ. ಮುಖದ ಬಣ್ಣ ಮೊದಲು, ಯಾಕೆಂದರೆ ಕವಚ ಕಟ್ಟಿದ ಮೇಲೆ ಕೈ ಮುಖದವರೆಗೆ ಸಲೀಸಾಗಿ ಏರುವುದಿಲ್ಲ. ಆಮೇಲೆ ಚಲ್ಲಣ, ನಡುವಿಗೆ ದಟ್ಟಿ, ಕಾಲಿಗೆ ಗೆಜ್ಜೆ. ಹೆಗಲಿಗೆ ಹಳೆ ಧೋತರದ ಮಡಿಕೆ, ಅದರೊಳಗೆ ಮನೆಯ ಹತ್ತಿ. ಅದು ಇಲ್ಲದಿದ್ದರೆ ಬೆಳಗಾಗುವುದರೊಳಗೆ ಮರದ ಅಂಚು ಹೆಗಲು ಕೊಯ್ದಿರುತ್ತದೆ. ಎದೆಕಟ್ಟಿನ ಲಾಡಿ ಬೆನ್ನ ಮೇಲೆ ಅಡ್ಡಡ್ಡ ಹಾಯ್ದು ಪಕ್ಕೆಯಲ್ಲಿ ಗಂಟಾಗುತ್ತದೆ. ಗಂಟು ಬೆನ್ನ ನಡುವೆ ಬಂದರೆ ಮಂಡಿ ಊರಿ ತಿರುಗುವಾಗ ಎಲುಬಿಗೆ ಒತ್ತುತ್ತದೆ. ಕಿರೀಟಕ್ಕೆ ಮೊದಲು ತಲೆಗೆ ಒದ್ದೆ ಬಟ್ಟೆ ಸುತ್ತುತ್ತಾರೆ. ಅದು ಕಿರೀಟ ಅಲುಗದಂತೆ ಹಿಡಿಯುತ್ತದೆ. ಒಮ್ಮೆ ಹಟ ಹಿಡಿದು ನಾನೂ ಕಟ್ಟಿಸಿಕೊಂಡೆ. ಹತ್ತೇ ನಿಮಿಷ ಅಟ್ಟದ ಮೇಲೆ ನಿಂತೆ. ಕುತ್ತಿಗೆ ಬಗ್ಗಿಸಲು ಬರಲಿಲ್ಲ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಾಯಿತು. ಅರಸರು ಯಾಕೆ ಹಾಗೆ ನಿಧಾನವಾಗಿ ತಿರುಗುತ್ತಾರೆಂದು ಆಗ ತಿಳಿಯಿತು. ಗತ್ತನ್ನು ಯಾವ ಮಾಸ್ತರರೂ ಬೇರೆಯಾಗಿ ಹೇಳಿಕೊಡಬೇಕಿಲ್ಲ, ಆ ಮರವೇ ಕಲಿಸುತ್ತದೆ. ರೆಕ್ಸಿನ್, ಥರ್ಮಾಕೋಲಿನ ಹೊಸ ವೇಷಗಳ ಬಗ್ಗೆ ನನಗಿರುವ ತಕರಾರು ಇದೇ. ಅವು ಅಗ್ಗ, ಬೇಗ ಸಿಗುತ್ತವೆ, ಮಳೆ ಬಂದರೂ ಚಿಂತೆಯಿಲ್ಲ. ಆದರೆ ತೊಟ್ಟವನ ನಡಿಗೆ ಬದಲಾಗುವುದಿಲ್ಲ.

ಈ ಸೀಮೆಯಲ್ಲಿ ಇನ್ನೊಂದು ಕವಚವೂ ಇದೆ, ಅದು ಲೋಹದ್ದು. ವೀರಭದ್ರನ ಗುಗ್ಗಳದಲ್ಲಿ ಪುರವಂತರ ಎದೆಯ ಮೇಲೆ ದೇವರ ಮುಖದ ಫಲಕ ಇರುತ್ತದೆ, ಕೈಯಲ್ಲಿ ಕತ್ತಿ, ಬಾಯಲ್ಲಿ ಒಡಪು. ಅದು ಆಟವಲ್ಲ, ವ್ರತ. ಒಂದೇ ಉಸಿರಿನಲ್ಲಿ ಎರಡನ್ನೂ ವರ್ಣಿಸಲು ನನಗೆ ಮನಸ್ಸಿಲ್ಲ.

ನಿಜವಾದ ಆಯುಧಗಳು ಈ ನೆಲದಿಂದ ಹೋದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಬ್ರಿಟಿಷರ 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದೆ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ತಿರುಗಿಬಿದ್ದರು. ಮರುವರ್ಷ ನರಗುಂದದ ದೊರೆ ಬಾಬಾಸಾಹೇಬರು ಎದ್ದರು, ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದರು. ಉಕ್ಕಿನ ಕತ್ತಿಯನ್ನು ಸರಕಾರ ಕಸಿದುಕೊಂಡಿತು, ಅಟ್ಟದ ಮೇಲಿನ ಮರದ ಕತ್ತಿಯನ್ನು ಕಸಿಯಲಿಲ್ಲ. ಅಜ್ಜಂದಿರ ಎದೆಯಲ್ಲಿ ಉಳಿದ ಸಿಟ್ಟಿಗೆ ಅಟ್ಟವೇ ರಣಭೂಮಿಯಾಯಿತೆಂದು ನಾನು ನಂಬುತ್ತೇನೆ.

ಇನ್ನು ಆಟದ ಈ ಕವಚ ಕೊಳ್ಳುವುದು ಹೇಗೆ? ಒಬ್ಬ ಆಟಗಾರ ತನಗಾಗಿ ಕವಚ ಕೊಳ್ಳುವ ರೂಢಿ ನಮ್ಮಲ್ಲಿಲ್ಲ. ವಿದೇಶದ ಹವ್ಯಾಸಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇದು. ಅವನು ತನ್ನ ಎದೆಯ ಅಳತೆ ಕೊಟ್ಟು, ತಿಂಗಳುಗಟ್ಟಲೆ ಕಾದು, ತನ್ನದೇ ಕವಚ ತರಿಸಿಕೊಳ್ಳುತ್ತಾನೆ. ನಮ್ಮಲ್ಲಿ ಊರು ಪಟ್ಟಿ ಎತ್ತುತ್ತದೆ. ಮನೆಗಿಷ್ಟು ಎಂದು ರೊಕ್ಕ, ಕೊಡಲಾಗದವರು ಜೋಳ. ಆ ದುಡ್ಡಿನಲ್ಲಿ ಡ್ರೆಸ್ಸಿನವರಿಂದ ಬಾಡಿಗೆಗೆ ತರುತ್ತಾರೆ. ಅನುಕೂಲವಿದ್ದ ಊರು ಒಂದು ಜೊತೆ ಮಾಡಿಸಿ ಗುಡಿಯ ಟ್ರಂಕಿನಲ್ಲಿ ಇಡುತ್ತದೆ. ಅಳತೆ ಯಾರದೂ ಅಲ್ಲ. ದಪ್ಪನವನಿಗೆ ಲಾಡಿ ಸಡಿಲ, ಸಣ್ಣವನಿಗೆ ಒಳಗೆ ಇನ್ನೆರಡು ಮಡಿಕೆ ಧೋತರ. ಬಾಡಿಗೆಯ ದಾರಿ ಸುಲಭವೆನ್ನುವುದನ್ನು ಒಪ್ಪುತ್ತೇನೆ. ಆದರೂ ಊರಿಗೊಂದು ಟ್ರಂಕು ಇರಬೇಕು. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಕಿನ್ನಾಳದಲ್ಲಿ ಕೈಗಳಿವೆ. ಇವೆರಡರ ನಡುವೆ ನಮ್ಮ ತಾಲ್ಲೂಕಿನ ಊರುಗಳು ಬಂದು ನಿಂತರೆ ಮರದ ಕವಚ ಇನ್ನೊಂದು ತಲೆಮಾರು ಕಾಣುತ್ತದೆ.

ಆ ರಾತ್ರಿಯ ಆಟ ಕರ್ಣಪರ್ವ. ಸಾರಥಿ ಕೇಳಿದ, ಕರ್ಣ ತನ್ನ ಪರಿಚಯ ಹೇಳಿಕೊಂಡ, ತಾಳ ಮದ್ದಲೆಗೆ ಮಣ್ಣು ಏಳುವಂತೆ ಕುಣಿದ. ನನ್ನ ಪಕ್ಕ ಕೂತಿದ್ದ ಒಬ್ಬ ಹುಡುಗ ತನ್ನ ಅಜ್ಜನನ್ನು ಕೇಳಿದ: "ಯಜ್ಜಾ, ಕರ್ಣ ಕವಚಾ ಇಂದ್ರಗ ಕೊಟ್ಟಾನಲ್ಲ, ಮತ್ತ ಮೈಮ್ಯಾಲ ಯಾವದದು?" ಪ್ರಶ್ನೆ ಸರಿಯಾಗಿಯೇ ಇತ್ತು. ಕಥೆಯ ಪ್ರಕಾರ ಆ ಕವಚ ಕರ್ಣನ ಮೈಮೇಲೆ ಉಳಿದಿರಬಾರದು. ಅಜ್ಜ ಎಲೆಅಡಿಕೆ ಉಗುಳಿ ಬಂದು ಕೂತು ಹೇಳಿದರು: "ಅದು ಹುಟ್ಟಿದಾಗ ಬಂದದ್ದೋ ಮಗನ. ಇದು ಊರು ಕೊಟ್ಟದ್ದು."

ಬೆಳಕು ಹರಿಯುವ ಹೊತ್ತಿಗೆ ಕರ್ಣ ಸತ್ತ, ಮಂಗಳ ಹಾಡಿದರು, ಹಾಸಿಕೊಂಡ ಕಂಬಳಿ ಝಾಡಿಸಿ ಜನ ಎದ್ದರು. ಪಡಸಾಲೆಯಲ್ಲಿ ಕಾಕಾ ಲಾಡಿಯ ಗಂಟು ಬಿಚ್ಚುತ್ತಿದ್ದರು. ಬೆವರಿಗೆ ಬಿಗಿದ ಗಂಟು ಬೆರಳಿಗೆ ಬಗ್ಗದೆ ಹಲ್ಲಿನಿಂದ ಕಚ್ಚಿ ಸಡಿಲಿಸಿದರು. ಎದೆಕಟ್ಟು ಕಳಚಿದಾಗ ಕರ್ಣನ ಎದೆಯ ಮೇಲೆ ಕೆಂಪಗೆ ಅದರ ಬಳ್ಳಿ ಮೂಡಿತ್ತು. ಕಾಕಾ ಒಂದೊಂದೇ ಕನ್ನಡಿ ಮುಟ್ಟಿ ಎಣಿಸಿದರು, ಒಂದು ಬಿದ್ದಿತ್ತು. ಅಟ್ಟದ ಮಣ್ಣಲ್ಲಿ ಹುಡುಕಲು ಹುಡುಗರನ್ನು ಓಡಿಸಿದರು. ಕರ್ಣ ಮುಖ ತೊಳೆದುಕೊಂಡು, ಕಿವಿಯ ಹಿಂದೆ ಅರದಾಳದ ಹಳದಿ ಉಳಿದದ್ದು ಗೊತ್ತಿಲ್ಲದೆ, ಎತ್ತಿಗೆ ನೀರು ಕುಡಿಸಲು ಮನೆಯ ಕಡೆ ನಡೆದ.