ದೇಶಾಕ್ಷರಗಳೂ ಗೃಹಸ್ಥನ ಹಣವೂ

ಹಣವನ್ನು ಗಳಿಸುವುದು ಹೇಗೆಂಬುದಕ್ಕಿಂತಲೂ, ಗಳಿಸಿದುದನ್ನು ಎಲ್ಲಿ ಇಡಬೇಕೆಂಬುದೇ ಗೃಹಸ್ಥನಿಗೆ ಹೆಚ್ಚಿನ ಚಿಂತೆ. ನಮ್ಮ ಹಿರಿಯರು ಹೊಲದಲ್ಲಿಟ್ಟರು, ಒಡವೆಯಲ್ಲಿಟ್ಟರು. ಅವರ ಮಕ್ಕಳು ಅಂಚೆಕಚೇರಿಯ ಪುಸ್ತಕದಲ್ಲಿಯೂ ಬ್ಯಾಂಕಿನಲ್ಲಿಯೂ ಇಟ್ಟರು. ಈಗಿನ ತರುಣರಾದರೋ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಒಂದು ವಸ್ತುವಿನಲ್ಲಿಯೂ ಹಣವನ್ನು ಇಡಬಹುದೆಂದು ಹೇಳುತ್ತಿರುವರು. ಆ ವಸ್ತುವು ಹೆಸರು. ಅಂತರ್ಜಾಲದಲ್ಲಿ ಒಳ್ಳೆಯ ಹೆಸರನ್ನು ಇಂದು ಕೆಲವು ನೂರು ರೂಪಾಯಿಗೆ ಬರೆಯಿಸಿಕೊಂಡು, ನಾಳೆ ಲಕ್ಷಕ್ಕೆ ಮಾರಬಹುದೆಂಬುದು ಅವರ ವಾದ. “ಅಪ್ಪ, ಎಪ್ಪತ್ತು ಸಾವಿರ ಕೊಡಿ, ನೂರು ಹೆಸರು ಹಿಡಿದಿಡುತ್ತೇನೆ” ಎಂದು ಮಗನು ಕೇಳಿದರೆ, ನಿವೃತ್ತಿವೇತನದಲ್ಲಿ ಬಾಳುವ ತಂದೆಯು ಏನೆಂದು ಉತ್ತರಿಸಬೇಕು? ವಿಷಯವನ್ನರಿಯದೆ “ಆಗದು” ಎನ್ನುವುದು ನ್ಯಾಯವಲ್ಲ; ಅರಿಯದೆ “ಆಗಲಿ” ಎನ್ನುವುದು ವಿವೇಕವಲ್ಲ. ಆದುದರಿಂದ ಈ ವ್ಯಾಪಾರದ ಸ್ವರೂಪವನ್ನು, ಅದರಲ್ಲಿಯೂ ದೇಶದೇಶಗಳ ಗುರುತಿನಿಂದ ಮುಗಿಯುವ ಹೆಸರುಗಳ ವಿಚಾರವನ್ನು, ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆನು.

ಅಂತರ್ಜಾಲಕ್ಕೆ ಸೇರಿದ ಯಂತ್ರಗಳಿಗೆ ಅಂಕಿಗಳಿಂದಾದ ವಿಳಾಸಗಳುಂಟು. ಅಷ್ಟು ಅಂಕಿಗಳನ್ನು ಮನುಷ್ಯನು ನೆನಪಿನಲ್ಲಿಡಲಾರನು. ಆದಕಾರಣ 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಎಂಬ ವಿದ್ವಾಂಸರು ಅಂಕಿಗಳಿಗೆ ಬದಲಾಗಿ ಹೆಸರುಗಳನ್ನು ಬಳಸುವ ಕ್ರಮವೊಂದನ್ನು ರಚಿಸಿದರು. ಡೊಮೇನ್ ಎಂದು ಜನರು ಕರೆಯುವುದು ಇಂತಹ ಹೆಸರನ್ನೇ. ಪ್ರತಿಯೊಂದು ಹೆಸರಿನ ಕೊನೆಗೂ ಒಂದು ಚುಕ್ಕೆ, ಚುಕ್ಕೆಯ ಮುಂದೆ ಒಂದು ಗುರುತು. ಕೆಲವು ಗುರುತುಗಳು ಎಲ್ಲರಿಗೂ ಸಾಮಾನ್ಯ. “ಕಾಮ್” ಎಂಬುದು ಅಂತಹುದು. ಎರಡೇ ಅಕ್ಷರಗಳ ಗುರುತುಗಳು ಮಾತ್ರ ಒಂದೊಂದು ದೇಶಕ್ಕೆ ಮೀಸಲು. ಯಾವುದು ದೇಶ, ಯಾವುದು ದೇಶವಲ್ಲ ಎಂಬ ವ್ಯಾಜ್ಯವನ್ನು ತಾವು ತೀರಿಸಹೊರಡದೆ, ಈ ಕಾರ್ಯದ ಮೇಲ್ವಿಚಾರಕರಾಗಿದ್ದ ಜಾನ್ ಪೋಸ್ಟೆಲ್ ಅವರು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1974ರಲ್ಲಿಯೇ ಪ್ರಕಟಿಸಿದ್ದ ದೇಶಸಂಕೇತಗಳ ಪಟ್ಟಿಯನ್ನೇ ಅಂಗೀಕರಿಸಿದರು. ಬ್ರಿಟನ್ನಿಗೆ “ಯು.ಕೆ.” 1985ರಲ್ಲಿಯೂ, ನಮ್ಮ ದೇಶಕ್ಕೆ “ಇನ್” 1989ರಲ್ಲಿಯೂ ದೊರೆತುವು.

ವ್ಯಾಕರಣವನ್ನು ಓದಿದವರಿಗೆ ಈ ರಚನೆಯು ಹೊಸದಲ್ಲ. ಪದವೊಂದರಲ್ಲಿ ಮೊದಲು ಪ್ರಕೃತಿ, ಅದರ ಮೇಲೆ ಪ್ರತ್ಯಯ. ಇಲ್ಲಿಯೂ ಹಾಗೆಯೇ. ನಾವು ಆರಿಸಿಕೊಳ್ಳುವ ಹೆಸರು ಪ್ರಕೃತಿ. ಕೊನೆಯ ಎರಡಕ್ಷರಗಳು ಪ್ರತ್ಯಯ. ಪ್ರಕೃತಿಯನ್ನು ನಮ್ಮಿಷ್ಟದಂತೆ ಆರಿಸಬಹುದು. ಪ್ರತ್ಯಯವು ಯಾವ ದೇಶದ್ದೋ ಆ ದೇಶದ ಅಧೀನ. ಅದಕ್ಕೆ ಸಲ್ಲತಕ್ಕ ಕಾಣಿಕೆಯೆಷ್ಟು, ಯಾರಿಗೆ ಕೊಡಬಹುದು, ಯಾರಿಂದ ಕಿತ್ತುಕೊಳ್ಳಬಹುದು ಎಂಬ ನಿಯಮಗಳನ್ನೆಲ್ಲ ಆ ದೇಶವೋ, ಆ ದೇಶದ ಪರವಾಗಿ ಕೆಲಸ ಮಾಡುವ ನೋಂದಣಿ ಸಂಸ್ಥೆಯೋ ವಿಧಿಸುವುದು. ಹೆಸರನ್ನು “ಕೊಂಡೆನು” ಎಂದು ಜನರು ಹೇಳುವರಾದರೂ ಅದು ಕ್ರಯವಲ್ಲ. “ಇನ್” ಎಂಬ ಗುರುತಿನಲ್ಲಿ ಒಂದು ವರ್ಷದಿಂದ ಹತ್ತು ವರ್ಷದವರೆಗೆ ಹಣ ಕಟ್ಟಬಹುದು. ಅವಧಿಯು ತೀರಿದೊಡನೆ ಮತ್ತೆ ಕಟ್ಟಬೇಕು. ಕಟ್ಟದಿದ್ದರೆ ಹೆಸರು ಕೈಬಿಟ್ಟು ಹೋಗುವುದು. ಸ್ವಾಮ್ಯವು ಬೇರೆ, ಭೋಗವು ಬೇರೆ ಎಂದು ನಮ್ಮ ವ್ಯವಹಾರಶಾಸ್ತ್ರದಲ್ಲಿ ಹೇಳುವರಷ್ಟೆ. ಹೆಸರನ್ನು ಬರೆಯಿಸಿಕೊಂಡವನಿಗೆ ಭೋಗವುಂಟು, ಸ್ವಾಮ್ಯವಿಲ್ಲ. ಅವನು ಹೊಲದೊಡೆಯನಲ್ಲ, ಗೇಣಿಯ ಒಕ್ಕಲು. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುವುದು.

ಈ ಎರಡಕ್ಷರಗಳಿಂದ ಸಂಪತ್ತು ಬಂದುದೇ ಇಲ್ಲವೆ? ಬಂದಿರುವುದು, ಅದೂ ಅದ್ಭುತವಾಗಿ. ಶಾಂತಸಾಗರದ ನಡುವೆ ತುವಾಲು ಎಂಬ ಪುಟ್ಟ ದೇಶವಿದೆ. ಒಂಬತ್ತು ದ್ವೀಪಗಳು, ಒಟ್ಟು ಸುಮಾರು 26 ಚದರ ಕಿಲೋಮೀಟರು ನೆಲ, ಹನ್ನೊಂದು ಸಾವಿರದಷ್ಟು ಜನ. ಪಟ್ಟಿಯಲ್ಲಿ ಅದರ ಭಾಗಕ್ಕೆ ಬಂದ ಅಕ್ಷರಗಳು “ಟಿ.ವಿ.” ಎಂಬುವು. ದೂರದರ್ಶನಕ್ಕೆ ಲೋಕವೆಲ್ಲ ಬಳಸುವ ಸಂಕ್ಷೇಪವೂ ಅದೇ ಆದುದರಿಂದ, 2000ದಲ್ಲಿ ಅಮೆರಿಕದ ಸಂಸ್ಥೆಯೊಂದು ಹನ್ನೆರಡು ವರ್ಷಗಳಲ್ಲಿ ಐದು ಕೋಟಿ ಡಾಲರುಗಳನ್ನು ಕೊಡುವುದಾಗಿ ಒಪ್ಪಿ ಆ ಅಕ್ಷರಗಳ ವಿನಿಯೋಗವನ್ನು ಪಡೆಯಿತು. ಈ ಹಣದ ಬಲದಿಂದಲೇ ತುವಾಲು ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವದ ವೆಚ್ಚವನ್ನು ಹೊರಲು ಸಮರ್ಥವಾಯಿತು. ಕೆರಿಬಿಯನ್ ಸಮುದ್ರದಲ್ಲಿರುವ ಆಂಗ್ವಿಲ್ಲ ಎಂಬ ದ್ವೀಪದ ಕಥೆಯು ಇನ್ನೂ ವಿಚಿತ್ರವಾದುದು. ಹದಿನಾರು ಸಾವಿರದಷ್ಟು ಜನರ ಆ ನಾಡಿಗೆ “ಎ.ಐ.” ಎಂಬ ಅಕ್ಷರಗಳು ದೊರೆತಿದ್ದುವು. ಬಹುಕಾಲ ಅವನ್ನು ಕೇಳುವವರು ವಿರಳ. 2022ರ ನವೆಂಬರಿನಲ್ಲಿ ಚಾಟ್ ಜಿ.ಪಿ.ಟಿ. ಎಂಬ ಸಂಭಾಷಣಾಯಂತ್ರವು ಹೊರಬಂದು, ಕೃತಕ ಬುದ್ಧಿಯ ಆಂಗ್ಲ ಸಂಕ್ಷೇಪವಾದ ಅದೇ ಎರಡಕ್ಷರಗಳು ಜಗತ್ತಿನ ಬಾಯಲ್ಲೆಲ್ಲ ಆಡತೊಡಗಲು, 2023ರ ಒಂದೇ ವರ್ಷದಲ್ಲಿ ಆಂಗ್ವಿಲ್ಲಕ್ಕೆ ಈ ಮೂಲದಿಂದ ಸುಮಾರು 3 ಕೋಟಿ 20 ಲಕ್ಷ ಡಾಲರುಗಳ ವರಮಾನವಾಯಿತು. ಇದು ಅಲ್ಲಿಯ ಸರಕಾರದ ಒಟ್ಟು ಆದಾಯದಲ್ಲಿ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು.

ಇಂತಹ ವೃತ್ತಾಂತಗಳನ್ನು ಕೇಳಿದವರ ಮನಸ್ಸು ಚಂಚಲವಾಗುವುದು ಸಹಜ. ಆದರೆ ಇಲ್ಲಿ ಲಾಭವು ಯಾರಿಗೆ ಬಂದಿತೆಂಬುದನ್ನು ನೋಡಬೇಕು. ಸ್ಥಿರವಾದ ಲಾಭವು ಬಂದುದು ಭೂಮಿಯ ಒಡೆಯನಿಗೆ, ಎಂದರೆ ಆ ದೇಶಕ್ಕೆ. ಒಕ್ಕಲಿನವನಿಗೆ ಬರುವ ಲಾಭವು ಬೇರೆ ಬಗೆಯದು. ತಾನು ಹಿಡಿದ ಹೆಸರನ್ನೇ ಬೇಕೆಂದು ಇನ್ನೊಬ್ಬನು ಹುಡುಕಿಕೊಂಡು ಬಂದರೆ ಲಾಭ; ಬಾರದಿದ್ದರೆ ವರ್ಷವರ್ಷವೂ ಗೇಣಿ ಮಾತ್ರ. ದೊಡ್ಡ ಬೆಲೆಗೆ ಬಿಕರಿಯಾದ ಹೆಸರು ವರ್ತಮಾನಪತ್ರಗಳಲ್ಲಿ ಅಚ್ಚಾಗುವುದು. ಬಿಕರಿಯಾಗದೆ ಉಳಿದ ಹೆಸರುಗಳ ಲೆಕ್ಕವನ್ನು ಯಾರೂ ಅಚ್ಚುಹಾಕರು.

ಒಂದು ಸಾಮಾನ್ಯವಾದ ಲೆಕ್ಕವನ್ನು ಹಾಕಿ ನೋಡೋಣ. ಒಂದು ಹೆಸರಿಗೆ ವರ್ಷಕ್ಕೆ 700 ರೂಪಾಯಿ ಎಂದಿಟ್ಟುಕೊಂಡರೆ ನೂರು ಹೆಸರುಗಳಿಗೆ 70,000 ರೂಪಾಯಿ. ಐದು ವರ್ಷಕ್ಕೆ 3,50,000. ವರ್ಷಕ್ಕೊಂದು ಹೆಸರು 20,000 ರೂಪಾಯಿಗೆ ಮಾರಿಹೋಯಿತೆಂದರೂ ಐದು ವರ್ಷದಲ್ಲಿ ಬಂದುದು ಒಂದು ಲಕ್ಷ ಮಾತ್ರ. ಮಾರಿಹೋದ ಹೆಸರುಗಳ ಗೇಣಿಯನ್ನು ಕಳೆದರೂ ನಷ್ಟವು ಎರಡು ಲಕ್ಷವನ್ನು ಮೀರುವುದು. ಮಾರಾಟದ ದಲ್ಲಾಳಿಯ ಪಾಲನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಮೇಲಾಗಿ, ಮೊದಲ ವರ್ಷ ಅಗ್ಗವಾಗಿ ಕೊಟ್ಟು ಎರಡನೆಯ ವರ್ಷದಿಂದ ಪೂರ್ಣ ಬೆಲೆಯನ್ನು ಕೇಳುವ ಪದ್ಧತಿಯು ಈ ವ್ಯಾಪಾರದಲ್ಲಿ ಸಾಮಾನ್ಯ. ಹೊಲವು ಬೀಳುಬಿದ್ದರೂ ಹೊಲವಾಗಿಯೇ ಉಳಿಯುವುದು. ಚಿನ್ನವು ಪೆಟ್ಟಿಗೆಯಲ್ಲಿದ್ದರೆ ಊಟ ಕೇಳುವುದಿಲ್ಲ. ಹೆಸರಾದರೋ ದನದಂತೆ, ಹಾಲು ಕೊಡಲಿ ಬಿಡಲಿ, ಮೇವು ಹಾಕಲೇಬೇಕು.

ಪ್ರತ್ಯಯವನ್ನು ಜನರು ಮರೆಯುವುದುಂಟು ಎಂಬುದಕ್ಕೂ ಒಂದು ದೃಷ್ಟಾಂತವಿದೆ. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಗುರುತು “ಸಿ.ಓ.” ಎಂಬುದು. 2010ರಲ್ಲಿ ಅದನ್ನು ಲೋಕಕ್ಕೆಲ್ಲ ತೆರೆದಾಗ, ಓವರ್‌ಸ್ಟಾಕ್ ಎಂಬ ಅಮೆರಿಕದ ದೊಡ್ಡ ವ್ಯಾಪಾರಸಂಸ್ಥೆಯು “ಓ” ಎಂಬ ಒಂದೇ ಅಕ್ಷರದ ಹೆಸರಿಗೆ ಮೂರೂವರೆ ಲಕ್ಷ ಡಾಲರುಗಳನ್ನು ಕೊಟ್ಟಿತು. ತನ್ನ ಅಂಗಡಿಗೇ ಆ ಹೆಸರನ್ನಿಟ್ಟು ಜಾಹೀರಾತು ಮಾಡಿತು. ಗಿರಾಕಿಗಳಾದರೋ ಅಭ್ಯಾಸಬಲದಿಂದ ಕೊನೆಗೆ “ಕಾಮ್” ಎಂದೇ ಬರೆದು ಬೇರೆಲ್ಲಿಯೋ ಹೋಗತೊಡಗಿದರು. ಸಂಸ್ಥೆಯು ಹೆಚ್ಚು ದಿನ ತಾಳದೆ ತನ್ನ ಹಳೆಯ ಹೆಸರಿಗೇ ಮರಳಿತು. ಧನಿಕರು ಇಂತಹ ನಷ್ಟವನ್ನು ಸಹಿಸಬಲ್ಲರು, ಗೃಹಸ್ಥನು ಸಹಿಸಲಾರನು.

ಇನ್ನು ಒಡೆಯನ ಕಡೆಯಿಂದ ಬರತಕ್ಕ ಅಪಾಯಗಳನ್ನು ನೋಡೋಣ. ಮೊದಲನೆಯದು, ದೇಶವೇ ಅಳಿದುಹೋಗುವುದು. ಯುಗೋಸ್ಲಾವಿಯ ಒಡೆದು ಹಲವು ರಾಷ್ಟ್ರಗಳಾದ ಮೇಲೆ, ಅದರ “ವೈ.ಯು.” ಎಂಬ ಗುರುತನ್ನು 2010ರ ಮಾರ್ಚಿ 30ರಂದು ಅಳಿಸಿಬಿಟ್ಟರು. ಸೋವಿಯತ್ ಒಕ್ಕೂಟವು 1991ರ ಡಿಸೆಂಬರಿನಲ್ಲಿ ಲಯವಾದರೂ ಅದರ “ಎಸ್.ಯು.” ಎಂಬ ಗುರುತು ಮಾತ್ರ ಒಡಲಿಲ್ಲದ ನೆರಳಿನಂತೆ ಬಹುಕಾಲ ಉಳಿಯಿತು. ಉಳಿಯಿತೆಂದು ಇನ್ನೊಬ್ಬನು ಭರವಸೆಯಿಡುವಂತಿಲ್ಲ. ಯಂತ್ರೋದ್ಯಮಿಗಳಿಗೆ ಪ್ರಿಯವಾದ “ಐ.ಓ.” ಎಂಬುದು ಹಿಂದೂಮಹಾಸಾಗರದ ಚಾಗೋಸ್ ದ್ವೀಪಗಳಿರುವ ಬ್ರಿಟಿಷ್ ಪ್ರದೇಶದ ಗುರುತು. ಆ ದ್ವೀಪಗಳ ಮೂಲನಿವಾಸಿಗಳನ್ನು 1968ರಿಂದ 1973ರ ಒಳಗೆ ಅಲ್ಲಿಂದ ಹೊರಡಿಸಿದ್ದರು; ಲೋಕವೆಲ್ಲ ಬಳಸಿದ ಈ ಅಕ್ಷರಗಳ ಹಿಂದೆ ಊರು ಕಳೆದುಕೊಂಡವರ ಕಣ್ಣೀರೂ ಇರುವುದೆಂಬುದನ್ನು ಮರೆಯಬಾರದು. ದ್ವೀಪಗಳ ಒಡೆತನವನ್ನು ಮಾರಿಷಸ್ ದೇಶಕ್ಕೆ ಒಪ್ಪಿಸುವ ಒಡಂಬಡಿಕೆಗೆ 2025ರ ಮೇ 22ರಂದು ಸಹಿಯಾಯಿತು. ದೇಶಸಂಕೇತವು ಮಾನಕಪಟ್ಟಿಯಿಂದ ಬಿಟ್ಟುಹೋದರೆ, ಅಂತರ್ಜಾಲದ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದಂತೆ ಆ ಗುರುತನ್ನು ಐದು ವರ್ಷಗಳಲ್ಲಿ, ಹೆಚ್ಚೆಂದರೆ ಹತ್ತು ವರ್ಷಗಳಲ್ಲಿ, ಮುಗಿಸತಕ್ಕದ್ದು.

ಎರಡನೆಯ ಅಪಾಯವು ಒಡೆಯನ ಮನಸ್ಸು ಬದಲಾಗುವುದು. “ಎಲ್.ವೈ.” ಎಂಬ ಗುರುತು ಆಂಗ್ಲಪದಗಳ ಕೊನೆಗೆ ಚೆನ್ನಾಗಿ ಹೊಂದುವುದೆಂದು ಅನೇಕರು ಬಯಸಿದರು, ಅದು ಲಿಬಿಯ ದೇಶದ್ದು. 2010ರಲ್ಲಿ ಆ ದೇಶದವರು, ತಮ್ಮ ಧರ್ಮನಿಯಮಗಳಿಗೆ ವಿರುದ್ಧವೆಂದು ಹೇಳಿ, ಪರದೇಶದವರು ನಡೆಸುತ್ತಿದ್ದ ಒಂದು ಹೆಸರನ್ನು ಕಿತ್ತುಕೊಂಡರು. ಮೂರನೆಯದು, ಅರ್ಹತೆಯೇ ತಪ್ಪಿಹೋಗುವುದು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟುದರ ಫಲವಾಗಿ, “ಇ.ಯು.” ಎಂಬ ಗುರುತಿನಲ್ಲಿ ಬ್ರಿಟನ್ನಿನ ನಿವಾಸಿಗಳು ಹಿಡಿದಿದ್ದ ಹೆಸರುಗಳು 2021ರ ಆರಂಭದಲ್ಲಿ ಸ್ತಬ್ಧವಾದುವು, ಮರುವರ್ಷ ರದ್ದಾದುವು. ಅವರು ಗೇಣಿಯನ್ನು ತಪ್ಪದೆ ಕಟ್ಟಿದ್ದರೂ ಪ್ರಯೋಜನವಾಗಲಿಲ್ಲ. ನಾಲ್ಕನೆಯದು, ನಡುವಿನ ಪಾರುಪತ್ಯಗಾರನು ಕೆಟ್ಟವನಾಗುವುದು. ಆಫ್ರಿಕದ ಗಬೋನ್ ದೇಶದ ಹೆಸರುಗಳನ್ನು ಪರದೇಶದ ಸಂಸ್ಥೆಯೊಂದು ಪುಕ್ಕಟೆಯಾಗಿ ಹಂಚುತ್ತಿತ್ತು. ಮೋಸಗಾರರು ಅವನ್ನು ಮನಬಂದಂತೆ ಬಳಸಿದರು. 2023ರಲ್ಲಿ ಗಬೋನ್ ತನ್ನ ಅಕ್ಷರಗಳನ್ನು ಹಿಂದಕ್ಕೆ ತೆಗೆದುಕೊಂಡಾಗ ಸುಮಾರು ಎಪ್ಪತ್ತು ಲಕ್ಷ ಹೆಸರುಗಳು ಅಳಿಸಿಹೋದುವು.

ನಮ್ಮ ದೇಶದ ಗುರುತಿನ ವಿಷಯದಲ್ಲಿ ಇಷ್ಟು ಭಯವಿಲ್ಲ. “ಇನ್” ಎಂಬುದನ್ನು 2005ರಲ್ಲಿ ಸರ್ವರಿಗೂ ತೆರೆದರು. ಅದರ ಆಡಳಿತವು 2003ರಲ್ಲಿ ಸ್ಥಾಪಿತವಾದ ನಿಕ್ಸಿ ಎಂಬ ಸಂಸ್ಥೆಯದು. ಆದರೆ ಇಲ್ಲಿಯೂ ಕಾನೂನನ್ನು ಅರಿತಿರಬೇಕು. ಪ್ರಸಿದ್ಧವಾದ ಅಂಗಡಿಯ ಹೆಸರನ್ನೋ, ಅದನ್ನು ಹೋಲುವ ಹೆಸರನ್ನೋ ಮೊದಲೇ ಹಿಡಿದು, ಆ ಅಂಗಡಿಯವನಿಗೇ ಹೆಚ್ಚು ಬೆಲೆಗೆ ಮಾರುವೆನೆಂಬುದು ಜಾಣತನವಲ್ಲ. ಈ ವಿಷಯದ ಮುಖ್ಯವಾದ ವ್ಯಾಜ್ಯವು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಸತ್ಯಂ ಇನ್ಫೋವೇ ಸಂಸ್ಥೆಯು ತನ್ನ “ಸಿಫಿ” ಎಂಬ ಹೆಸರನ್ನು ಹೋಲುವ ಹೆಸರನ್ನು ಇನ್ನೊಂದು ಸಂಸ್ಥೆಯು ಬಳಸುತ್ತಿದೆಯೆಂದು ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆಯನ್ನು ಪಡೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತೆಗೆದುಹಾಕಿತು. ಕೊನೆಗೆ 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಮೊದಲಿನ ಆಜ್ಞೆಯನ್ನೇ ಸ್ಥಿರಪಡಿಸಿ, ಅಂತರ್ಜಾಲದ ಹೆಸರಿಗೂ ವ್ಯಾಪಾರಚಿಹ್ನೆಯಂತೆಯೇ ರಕ್ಷಣೆಯುಂಟೆಂದು ತೀರ್ಮಾನಿಸಿತು. 2005ರಿಂದ “ಇನ್” ಹೆಸರುಗಳಿಗೆ ಪ್ರತ್ಯೇಕವಾದ ವಿವಾದನಿರ್ಣಯದ ವಿಧಾನವೂ ಇದೆ. ಹೆಸರು ಬೇರೊಬ್ಬರ ಚಿಹ್ನೆಯನ್ನು ಹೋಲುವುದೆಂದೂ, ಹಿಡಿದವನಿಗೆ ನ್ಯಾಯವಾದ ಹಕ್ಕಿಲ್ಲವೆಂದೂ, ದುರುದ್ದೇಶವಿತ್ತೆಂದೂ ಸಿದ್ಧವಾದರೆ, ಮಧ್ಯಸ್ಥನು ಅದನ್ನು ದೂರುಗಾರನಿಗೆ ಕೊಡಿಸಬಲ್ಲನು. ಹಿಡಿದವನಿಗೆ ಬಿಡಿಕಾಸೂ ಸಲ್ಲದು.

ಕನ್ನಡಿಗರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿಯೂ ಒಂದುಂಟು. ನಮ್ಮ ದೇಶದ ಗುರುತು ಈಗ ಆಂಗ್ಲಲಿಪಿಗೆ ಮಾತ್ರ ಸೀಮಿತವಲ್ಲ. ದೇವನಾಗರಿಯ “ಭಾರತ” 2014ರಲ್ಲಿ ಬಳಕೆಗೆ ಬಂದಿತು. ಆಮೇಲೆ ಕನ್ನಡಲಿಪಿಯಲ್ಲಿಯೂ “ಭಾರತ” ಎಂಬ ಪ್ರತ್ಯಯವು ದೊರೆತಿದೆ. ಸಂಸ್ಕೃತಕ್ಕೆ “ಭಾರತಮ್” ಎಂಬುದೂ ಇದೆ. ಮಾರಾಟದ ಆಸೆಯಿಂದ ಇದನ್ನು ಹಿಡಿಯಬೇಕೆಂದು ನಾನು ಹೇಳಲಾರೆನು. ತನ್ನ ಊರಿನ ವಾಚನಾಲಯಕ್ಕೋ, ತನ್ನ ಅಂಗಡಿಗೋ ಕನ್ನಡದ ಹೆಸರನ್ನಿಡುವವನಿಗೆ ಅದು ಭೂಷಣವೇ ಸರಿ.

ಹಾಗಾದರೆ ಗೃಹಸ್ಥನು ಏನು ಮಾಡತಕ್ಕದ್ದು? ಯೋಗಕ್ಷೇಮವೆಂಬ ಪದದಲ್ಲಿ ಎರಡು ಅಂಶಗಳಿವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಹೆಸರುಗಳ ವಿಷಯದಲ್ಲಿ ಕ್ಷೇಮವು ಮೊದಲು, ಯೋಗವು ಆಮೇಲೆ. ಮನೆಯಲ್ಲಿ ಹಪ್ಪಳ ಉಪ್ಪಿನಕಾಯಿಗಳನ್ನು ಮಾಡಿ ಮಾರುವ ಸೋದರಿಯಾಗಲಿ, ಪಾಠಶಾಲೆ ನಡೆಸುವವರಾಗಲಿ, ವೈದ್ಯರಾಗಲಿ, ತಮ್ಮ ಕಸುಬಿನ ಒಂದು ಹೆಸರನ್ನು ಬರೆಯಿಸಿಕೊಳ್ಳುವುದು ಯೋಗ್ಯವಾದ ವೆಚ್ಚವೇ. ಹಾಗೆ ಮಾಡುವಾಗ ಹೆಸರು ತಮ್ಮ ಸ್ವಂತ ಹೆಸರಿನಲ್ಲಿಯೇ ದಾಖಲಾಗಿರುವಂತೆ ನೋಡಿಕೊಳ್ಳಬೇಕು. ಜಾಲತಾಣವನ್ನು ಮಾಡಿಕೊಟ್ಟವನ ಹೆಸರಿನಲ್ಲಿ ಬಿಡಬಾರದು. ಗೇಣಿಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಮಾಡಬೇಕು. ಪ್ರವೇಶದ ಗುಪ್ತಪದವೆಲ್ಲಿದೆಯೆಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಬೇಕು. ಇಲ್ಲವಾದರೆ ಯಜಮಾನನು ಕಾಲವಾದೊಡನೆ ಅವನು ಇಪ್ಪತ್ತು ವರ್ಷ ಬೆಳೆಸಿದ ಹೆಸರು ಪರರ ಪಾಲಾಗುವುದು.

ವ್ಯಾಪಾರದ ಉತ್ಸಾಹವುಳ್ಳ ತರುಣನನ್ನು ಪೂರ್ತಿಯಾಗಿ ತಡೆಯುವುದೂ ಬೇಡ. ಹೋದರೆ ಹೋಗಲಿ ಎನ್ನುವಷ್ಟು ಅಲ್ಪಧನದಿಂದ, ನೂರಕ್ಕೆ ಬದಲು ಐದಾರು ಹೆಸರುಗಳನ್ನು, ತನಗೆ ನಿಯಮಗಳು ತಿಳಿದ ದೇಶದ ಗುರುತಿನಲ್ಲಿ, ಯಾರ ವ್ಯಾಪಾರಚಿಹ್ನೆಯನ್ನೂ ಮುಟ್ಟದ ಸಾಮಾನ್ಯಶಬ್ದಗಳಲ್ಲಿ ಹಿಡಿದು ನೋಡಲಿ. ಎರಡು ವರ್ಷದಲ್ಲಿ ಕೇಳುವವರಿಲ್ಲದ ಹೆಸರನ್ನು ಬಿಟ್ಟುಬಿಡಲಿ. ಸಾಲ ಮಾಡಿ ಹೆಸರು ಹಿಡಿಯುವುದು ಮಾತ್ರ ಸರ್ವಥಾ ಕೂಡದು. ತಂದೆಯ ನಿವೃತ್ತಿಧನ, ತಂಗಿಯ ಮದುವೆಯ ಹಣ, ತಾಯಿಯ ಔಷಧದ ಹಣ, ಇವು ಈ ಹೊಲದಲ್ಲಿ ಬಿತ್ತತಕ್ಕ ಬೀಜಗಳಲ್ಲ.

ಪ್ರತ್ಯಯವೆಂಬ ಶಬ್ದಕ್ಕೆ ವ್ಯಾಕರಣದ ಅರ್ಥವಲ್ಲದೆ ನಂಬಿಕೆಯೆಂಬ ಅರ್ಥವೂ ಸಂಸ್ಕೃತದಲ್ಲಿ ಉಂಟು. ಅಂತರ್ಜಾಲದ ಹೆಸರಿನ ಕೊನೆಗೆ ನಿಂತ ಎರಡಕ್ಷರಗಳಲ್ಲಿ ಈ ಎರಡು ಅರ್ಥಗಳೂ ಕೂಡಿರುವುವು. ಆ ಅಕ್ಷರಗಳನ್ನು ಹಿಡಿಯುವವನು ಒಂದು ದೇಶದ ಬಾಳಿಕೆಯನ್ನೂ, ಅದರ ನ್ಯಾಯವನ್ನೂ, ಅದರ ಮಾತನ್ನೂ ನಂಬುತ್ತಿರುವನು. ನಂಬಿಕೆಗೆ ಎಷ್ಟು ಆಧಾರವುಂಟೋ ಅಷ್ಟೇ ಹಣವನ್ನಿಡುವುದು ವಿವೇಕಿಯ ಲಕ್ಷಣ.