ನಾಯಿಮರಿಯ ಮೊದಲ ಪಾಠ

ಅಂಬ್ಲಿಗೊಳದ ಕಡೆಯ ಹಳ್ಳಿಮನೆಗಳಲ್ಲಿ ನಾಯಿಮರಿಗೆ ಶೌಚದ ಪಾಠವನ್ನು ಯಾರೂ ಬೇರೆಯಾಗಿ ಹೇಳುವುದಿಲ್ಲ. ಅದು ಜಗಲಿಯಲ್ಲಿ ಮಲಗುತ್ತದೆ, ಎದ್ದು ಅಂಗಳಕ್ಕಿಳಿಯುತ್ತದೆ. ಅದೇ ಮರಿ ಶಿಕಾರಿಪುರದ ಪೇಟೆಮನೆಗೆ ಬಂದರೆ ಬಾಗಿಲು ಮುಚ್ಚಿರುತ್ತದೆ. ತಪ್ಪಿದಾಗ ಪೆಟ್ಟು ಬೀಳುತ್ತದೆ. ಈ ಒಂದೇ ಅಪರಾಧಕ್ಕೆ ಬೀದಿಪಾಲಾಗುವ ಮರಿಗಳೂ ಉಂಟು. 10ನೆಯ ಶತಮಾನದ ಆತಕೂರಿನ ವೀರಗಲ್ಲಿನಲ್ಲಿ ಹೆಸರು ಪಡೆದ ಬೇಟೆನಾಯಿ ಕಾಳಿಯೂ ಒಮ್ಮೆ ಇಂಥ ಮರಿಯೇ ಆಗಿದ್ದಿರಬೇಕಲ್ಲವೇ?

ಸುಮಾರು 3 ವಾರಗಳವರೆಗೆ ತಾಯಿಯೇ ಮರಿಯನ್ನು ನೆಕ್ಕಿ ಶುಚಿಗೊಳಿಸುತ್ತದೆ. ಅನಂತರ ಮರಿ ಮಲಗುವ ತಾಣದಿಂದ ತಾನಾಗಿಯೇ ದೂರ ಸರಿಯತೊಡಗುತ್ತದೆ. ಗೂಡಿನಲ್ಲಿಟ್ಟು ಕಲಿಸುವ ಕ್ರಮ ನಂಬಿರುವುದು ಈ ಸ್ವಭಾವವನ್ನೇ. ಗೂಡು ಮರಿ ನಿಂತು, ಹೊರಳಿ, ಮಲಗುವಷ್ಟಿದ್ದರೆ ಸಾಕು; ತೀರ ದೊಡ್ಡದಾದರೆ ಅದರ ಒಂದು ಮೂಲೆಯೇ ಬಚ್ಚಲಾಗುತ್ತದೆ. ಮೊದಮೊದಲು ಬಾಗಿಲು ತೆರೆದಿಟ್ಟು, ಊಟವನ್ನು ಒಳಗೇ ಇಟ್ಟು ರೂಢಿಮಾಡಿಸಬೇಕು. ಶಿಕ್ಷೆಗೆಂದು ಒಳಗೆ ತಳ್ಳಿದರೆ ಅದು ಸೆರೆಮನೆಯಾದೀತು.

2 ತಿಂಗಳ ಮರಿ ಹಗಲಿನಲ್ಲಿ 2-3 ಗಂಟೆಗಿಂತ ಹೆಚ್ಚು ತಡೆಯಲಾರದು. ನಿದ್ದೆಯಿಂದೆದ್ದಾಗ, ಉಂಡಾಗ, ಆಡಿದಾಗ ಹೊರಗೆ ಒಂದೇ ಜಾಗಕ್ಕೆ ಒಯ್ಯಬೇಕು. ಮುಗಿಸಿದ ಕೂಡಲೇ ಮೈದಡವಬೇಕು. ಮನೆಯೊಳಗೆ ತಪ್ಪಿದರೆ ಮೂಗನ್ನು ಅದಕ್ಕೆ ಉಜ್ಜುವ ಹಳೆಯ ಪದ್ಧತಿ ಬೇಡ. ತಡವಾಗಿ ಬಿದ್ದ ಪೆಟ್ಟಿನ ಕಾರಣ ಮರಿಗೆ ತಿಳಿಯದು. ನಮ್ಮನ್ನು ಕಂಡರೆ ಅಡಗಿಕೊಳ್ಳುವುದನ್ನಷ್ಟೇ ಅದು ಕಲಿಯುತ್ತದೆ. ವಾಸನೆ ಉಳಿದಲ್ಲಿಗೆ ಅದು ಮತ್ತೆ ಬರುವುದರಿಂದ ನೆಲವನ್ನು ಚೆನ್ನಾಗಿ ತೊಳೆದುಬಿಡಬೇಕು.